ಬೆಳೆ ಕೊಯ್ಲಿನ ಪ್ರಯೋಗಕ್ಕೆ ಹೊಲಗಳ ಆಯ್ಕೆ: ಸಂಭವದ ಲೆಕ್ಕ

ಬೆಳೆ ವಿಮೆಯ ಪರಿಹಾರವು ಸಾಮಾನ್ಯವಾಗಿ ಒಬ್ಬೊಬ್ಬ ರೈತನ ಹೊಲವನ್ನು ನೋಡಿ ಗೊತ್ತುಮಾಡತಕ್ಕದ್ದಲ್ಲ. 2016ರ ಮುಂಗಾರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕವು. ಅದರೊಳಗೆ ಒಂದು ಬೆಳೆಗೆ ನಾಲ್ಕು ಹೊಲಗಳನ್ನು ಚೀಟಿ ಎತ್ತಿದಂತೆ ಆರಿಸಿ, ಗೊತ್ತಾದ ಅಳತೆಯ ತುಂಡಿನಲ್ಲಿ ಕೊಯ್ದು, ಒಕ್ಕಿ, ತೂಗಿ, ಸರಾಸರಿಯನ್ನು ತೆಗೆಯುವರು. (ಆಲಿಕಲ್ಲು, ನೀರು ನಿಲ್ಲುವಿಕೆ ಮೊದಲಾದ ಸ್ಥಳೀಯ ನಷ್ಟಗಳ ಮಾತು ಬೇರೆ, ಅವನ್ನು 72 ಗಂಟೆಗಳೊಳಗಾಗಿ ತಿಳಿಸತಕ್ಕದ್ದು.)

ಕಮಲಾಪುರವು ಕೆಂಪು ಬಾಳೆಗೆ ಹೆಸರಾಗಿದ್ದರೂ ಅಲ್ಲಿಯ ಖುಷ್ಕಿ ಹೊಲಗಳಲ್ಲಿ ತೊಗರಿಯೇ ಮುಖ್ಯವು. ಕಲಬುರಗಿ ನಗರದ ಮಾರುಕಟ್ಟೆಯೂ ಅದನ್ನೇ ನಂಬಿದೆ. 2022ರಲ್ಲಿ ಜಿಲ್ಲೆಯ ತೊಗರಿಗೆ ನೆಟೆರೋಗವು ಬಹಳವಾಗಿ ತಗಲಿತು. ಈ ರೋಗವು ಒಂದು ಹೊಲವನ್ನು ಒಣಗಿಸಿ ಪಕ್ಕದ ಹೊಲವನ್ನು ಬಿಡುವುದುಂಟು. ಆದುದರಿಂದ ಯಾವ ಹೊಲಗಳ ಚೀಟಿ ಬಂದೀತೆಂಬುದು ಊರಿಗೆ ದೊಡ್ಡ ಪ್ರಶ್ನೆಯು.

ಒಂದು ಪಂಚಾಯಿತಿಯಲ್ಲಿ ತೊಗರಿಯ ಹೊಲಗಳು 20, ಅವುಗಳಲ್ಲಿ ನೆಟೆ ಬಿದ್ದವು 5 ಎಂದು ಭಾವಿಸೋಣ. (ನಿಜದಲ್ಲಿ ಹೊಲಗಳು ಹೆಚ್ಚಿರುವುವು; ಲೆಕ್ಕದ ಸೌಕರ್ಯಕ್ಕಾಗಿ ಇಷ್ಟೇ ಹಿಡಿದಿದೆ.) ಮೊದಲನೆಯ ಚೀಟಿ ಒಳ್ಳೆಯ ಹೊಲದ್ದಾಗುವ ಸಂಭವವು 20ರಲ್ಲಿ 15. ತೆಗೆದ ಚೀಟಿಯನ್ನು ಗಡಿಗೆಗೆ ಮರಳಿ ಹಾಕುವುದಿಲ್ಲವಾದ್ದರಿಂದ, ಎರಡನೆಯದಕ್ಕೆ 19ರಲ್ಲಿ 14, ಮೂರನೆಯದಕ್ಕೆ 18ರಲ್ಲಿ 13, ನಾಲ್ಕನೆಯದಕ್ಕೆ 17ರಲ್ಲಿ 12. ಇವನ್ನು ಕೂಡಿಸಬಾರದು, ಗುಣಿಸಬೇಕು. ಗುಣಿಸಲು 1,16,280ರಲ್ಲಿ 32,760, ಅಂದರೆ ನೂರಕ್ಕೆ ಸುಮಾರು 28 ಬರುವುದು. ಪ್ರತಿ ಸಲವೂ 20ರಲ್ಲಿ 15 ಎಂದೇ ಹಿಡಿದವರಿಗೆ ನೂರಕ್ಕೆ 32 ಬರುವುದು; ಅದು ತಪ್ಪು ಲೆಕ್ಕ.

ಈ 28 ಸಲಗಳಲ್ಲಿ ಕಾಲು ಭಾಗ ಹೊಲಗಳು ಹಾಳಾಗಿದ್ದರೂ ಸರಾಸರಿಯಲ್ಲಿ ಅದರ ಸುಳಿವೇ ಕಾಣದು. ಒಂದೇ ರೋಗದ ಹೊಲ ಸೇರಿ ನಿಜಸ್ಥಿತಿಗೆ ಸರಿಹೊಂದುವುದು ನೂರಕ್ಕೆ 47 ಸಲ. ಎರಡು ಅಥವಾ ಹೆಚ್ಚು ಸೇರಿ ನಷ್ಟವು ಮಿಕ್ಕಿ ತೋರುವುದು 25 ಸಲ. ನಾಲ್ಕೂ ರೋಗದವೇ ಆಗುವುದು 969ರಲ್ಲಿ ಒಮ್ಮೆ ಮಾತ್ರ. ನಾಲ್ಕರ ಬದಲು ಎಂಟು ಹೊಲಗಳನ್ನು ಆರಿಸಿದರೆ ರೋಗದ್ದೊಂದೂ ಬಾರದಿರುವ ಸಂಭವವು ನೂರಕ್ಕೆ 5ಕ್ಕೆ ಇಳಿಯುವುದು. ನಾಲ್ಕು ಕಡಿಮೆಯೆಂಬುದೇ ನನ್ನ ಅಭಿಪ್ರಾಯ. ಆದರೆ ಖರ್ಚೂ ಆಳೂ ಇಮ್ಮಡಿಯಾಗುವುವು.

ಈ ಲೆಕ್ಕವೆಲ್ಲವೂ ಚೀಟಿಯು ಕುರುಡಾಗಿರುವವರೆಗೆ ಮಾತ್ರ ನಿಲ್ಲುವುದು. ಬಂದ ಹೊಲವನ್ನು ಬಿಟ್ಟು, ದಾರಿಗೆ ಹತ್ತಿರವೆಂದೋ ಒಣಗಿದೆಯೆಂದೋ ಬೇರೊಂದನ್ನು ಕೊಯ್ಸಿದರೆ, ಅದು ಯಾರ ಅನುಕೂಲಕ್ಕೇ ಆಗಲಿ, ಸರಾಸರಿಗೆ ಬೆಲೆಯಿಲ್ಲ. ಊರಿನ ಮುಖಂಡರು ಕೊಯ್ಲಿನ ದಿನ ಹಾಜರಿದ್ದು, ಆಯ್ಕೆಯಾದ ಸರ್ವೆ ನಂಬರು, ತುಂಡಿನ ಅಳತೆ, ತೂಕ ಈ ಮೂರನ್ನೂ ಬರೆದಿಟ್ಟುಕೊಳ್ಳತಕ್ಕದ್ದು.