ಬಾಳಿನುದ್ದಕ್ಕೂ ಬೆಳಕು

ರೇಷ್ಮೆಹುಳು ಸಾಕುವ ಮನೆಯಲ್ಲಿ ಕಣ್ಣೇ ಬಂಡವಾಳ. ಯಾವ ಹುಳು ಹಣ್ಣಾಯಿತು, ಯಾವುದು ಇನ್ನೂ ಸೊಪ್ಪು ಮೇಯಬೇಕು ಎಂಬುದನ್ನು ಮೈಯ ನಸುಹಳದಿ ಹೊಳಪಿನಿಂದಲೇ ಗುರುತಿಸಿ ಚಂದ್ರಿಕೆಗೆ ಬಿಡಬೇಕು. ಕೋಲಾರದ ಬಳಿಯ ಹೋಳೂರಿನಲ್ಲಿ ಅಂಥ ಮನೆಯೊಂದರ ಅಜ್ಜಿಗೆ ಕಣ್ಣಿನಲ್ಲಿ ಪೊರೆ ಬೆಳೆಯಿತೆಂದು ಭಾವಿಸೋಣ. ತಟ್ಟೆಯ ತುಂಬ ಹುಳುಗಳಿದ್ದರೂ ಆಕೆಗೆ ಕಾಣುವುದು ಬರಿಯ ಮಂಜು. ಮನೆಯ ದುಡಿಮೆಯಿಂದ ಎರಡು ಕೈಗಳು ಕಳಚಿದವು. ಆಕೆಯನ್ನು ಕೈಹಿಡಿದು ನಡೆಸಲು ಮೊಮ್ಮಗಳ ಶಾಲೆಯೂ ತಪ್ಪಿತು.

ಪೊರೆ ತೆಗೆಯುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಊರೂರು ತಿರುಗಿ ಸಾವಿರಾರು ಬಡವರ ಕಣ್ಣು ತೆರೆಸಿದ ಡಾ. ಎಂ. ಸಿ. ಮೋದಿಯವರ ಹೆಸರು ಕನ್ನಡಿಗರ ಮನೆಮಾತು. ಆದರೆ ಹಿಂದಿನ ಕ್ರಮದಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದ ಮೇಲೆ ಅದರ ಸ್ಥಾನವನ್ನು ದಪ್ಪ ಗಾಜಿನ ಕನ್ನಡಕವೇ ತುಂಬಬೇಕಾಗಿತ್ತು. ಆ ಗಾಜು ವಸ್ತುಗಳನ್ನು ಸುಮಾರು ಕಾಲುಭಾಗ ಹಿಗ್ಗಿಸಿ ತೋರಿಸುತ್ತಿತ್ತು. ಪಕ್ಕದ ನೋಟವನ್ನು ಮರೆಮಾಡುತ್ತಿತ್ತು. ಕನ್ನಡಕ ಬಿದ್ದು ಒಡೆದರೆ ಮತ್ತೆ ಕತ್ತಲೆಯೇ. ಶಸ್ತ್ರಚಿಕಿತ್ಸೆ ಗೆದ್ದರೂ ರೋಗಿ ಸೋತಂತಾಗುತ್ತಿತ್ತಲ್ಲವೆ?

ಇದಕ್ಕೆ ಪರಿಹಾರ ಸಿಕ್ಕಿದ ಬಗೆ ವಿಚಿತ್ರವಾದುದು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು, ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನ ಚೂರುಗಳು ಚಾಲಕರ ಕಣ್ಣು ಹೊಕ್ಕಿದ್ದವು. ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರ್ 29ರಂದು ಅದೇ ಬಗೆಯ ವಸ್ತುವಿನಿಂದ ಮಾಡಿದ ಮಸೂರವನ್ನು ರೋಗಿಯೊಬ್ಬರ ಕಣ್ಣೊಳಗೆ ಇಟ್ಟರು. ಸಹೋದ್ಯೋಗಿಗಳು ಬಹುಕಾಲ ವಿರೋಧಿಸಿದರು. ಆ ಮೊದಲ ಮಸೂರ ಭಾರವಾಗಿದ್ದು, ಕೆಲವೊಮ್ಮೆ ಸ್ಥಾನವನ್ನೂ ತಪ್ಪುತ್ತಿತ್ತು. ಮುಂದಿನವರು ಅದನ್ನು ಹಗುರಗೊಳಿಸಿದರು; ನೆಲೆಯಾಗಿ ನಿಲ್ಲಲು ಎಳೆಯಂಥ ತೋಳುಗಳನ್ನು ಜೋಡಿಸಿದರು; ಹಿಂಬದಿಯ ಚೀಲ ಮತ್ತೆ ಮಬ್ಬಾಗುವುದನ್ನು ತಗ್ಗಿಸಲು ಅಂಚನ್ನು ಚೌಕವಾಗಿ ಕಡೆದರು. ಹಾಗೆಯೂ ಮಬ್ಬು ಕವಿದರೆ ಲೇಸರ್ ಕಿರಣದಿಂದ ದಾರಿ ಬಿಡಿಸುತ್ತಾರೆ. ಮಸೂರ ಮಾತ್ರ ಸಾಮಾನ್ಯವಾಗಿ ಜೀವಮಾನವಿಡೀ ಅಲ್ಲಿಯೇ ಉಳಿಯುತ್ತದೆ.

ಬಾಳಿಕೆಯೇನೋ ಬಂದಿತು, ಬೆಲೆ ಇಳಿಯಬೇಡವೆ? ವಿದೇಶದ ಮಸೂರ ಬಡವರಿಗೆ ಗಗನಕುಸುಮವಾಗಿತ್ತು. 1992ರಲ್ಲಿ ಮಧುರೆಯ ಅರವಿಂದ ನೇತ್ರಾಲಯದವರು ಆರೋಲ್ಯಾಬ್ ಸ್ಥಾಪಿಸಿ, ಆಮದಿನ ಬೆಲೆಯ ಸಣ್ಣದೊಂದು ಪಾಲಿಗೆ ಮಸೂರವನ್ನು ಇಲ್ಲಿಯೇ ತಯಾರಿಸತೊಡಗಿದರು. ಕಣ್ಣೊಳಗಿನ ಮಸೂರ ಉಳ್ಳವರ ಸೊತ್ತಾಗಿ ಉಳಿಯಲಿಲ್ಲ.

ಎಷ್ಟು ಶಸ್ತ್ರಚಿಕಿತ್ಸೆಗಳು ನಡೆದವು ಎಂಬುದಕ್ಕಿಂತ, ಮಾಡಿದ ವೆಚ್ಚಕ್ಕೆ ರೋಗಿಗೆ ದೊರೆತ ಫಲವೆಷ್ಟು ಎಂದು ಕೇಳುವುದನ್ನೇ ಇಂದು ಮೌಲ್ಯಾಧಾರಿತ ಆರೋಗ್ಯಸೇವೆ ಎನ್ನುತ್ತಾರೆ. ಈ ಲೆಕ್ಕದಲ್ಲಿ ಅಗ್ಗವಾದರೂ ವರ್ಷದೊಳಗೆ ಒಡೆಯುವ ವಸ್ತು ದುಬಾರಿ. ಒಮ್ಮೆ ಇಟ್ಟರೆ ಕೊನೆಯವರೆಗೂ ಬರುವುದೇ ಅಗ್ಗ. ಲೆಕ್ಕ ಬರೆಯಬೇಕಾದದ್ದು ಪಟ್ಟಿ ಬಿಚ್ಚಿದ ದಿನವಲ್ಲ, ಐದಾರು ವರ್ಷ ಕಳೆದ ಮೇಲೆ. ಅಂದೂ ಅಜ್ಜಿ ಹಣ್ಣಾದ ಹುಳುವನ್ನು ತಾನೇ ಆರಿಸುತ್ತಿದ್ದು, ಮೊಮ್ಮಗಳು ಶಾಲೆಯಲ್ಲಿದ್ದರೆ, ಆ ಪುಟ್ಟ ಮಸೂರ ತನ್ನ ಬೆಲೆಯನ್ನು ತೀರಿಸಿತೆಂದೇ ಅರ್ಥ.