ಒಂದು ಪದದ ಹುಡುಕಾಟ

ಪ್ರೌಢಶಾಲೆಯ ಬಾಲಕಿಯೊಬ್ಬಳು ಇಂಗ್ಲಿಷಿನಲ್ಲಿ ಅಚ್ಚಾದ ಅರ್ಜಿಯೊಂದನ್ನು ತುಂಬುತ್ತಿದ್ದಾಳೆಂದು ಭಾವಿಸೋಣ. ‘ತಾಯಿಯ ಉದ್ಯೋಗ’ ಎಂಬ ಅಂಕಣದ ಬಳಿ ಅವಳ ಲೇಖನಿ ನಿಲ್ಲುತ್ತದೆ. ತಾಯಿ ನಗರಸಭೆಯ ಪೌರಕಾರ್ಮಿಕರು. ಸೂರ್ಯೋದಯಕ್ಕೆ ಮೊದಲೇ ಪೊರಕೆ ಹಿಡಿದು ಬೀದಿಗಿಳಿಯುವವರು. ಕನ್ನಡದಲ್ಲಾದರೆ ಒಂದೇ ಮಾತಿನಲ್ಲಿ ಬರೆದು ಮುಗಿಸಬಹುದು. ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕು?

ಹಳೆಯ ಕಡತಗಳಲ್ಲಿ ಕಾಣುವ ಪದ ‘ಸ್ಕ್ಯಾವೆಂಜರ್’. ಇದರ ಚರಿತ್ರೆ ವಿಚಿತ್ರವಾದುದು. ಮಧ್ಯಯುಗದ ಲಂಡನ್ ನಗರದಲ್ಲಿ ಹೊರಗಿನ ವರ್ತಕರು ಮಾರಾಟಕ್ಕೆ ತೆರೆದಿಟ್ಟ ಸರಕುಗಳ ಮೇಲೆ ‘ಸ್ಕ್ಯಾವೇಜ್’ ಎಂಬ ಸುಂಕವಿತ್ತು. ಅದನ್ನು ವಸೂಲು ಮಾಡುವ ಅಧಿಕಾರಿಯೇ ‘ಸ್ಕ್ಯಾವೇಜರ್’. ಮುಂದೆ ಬೀದಿಗಳ ಶುಚಿತ್ವವನ್ನು ನೋಡಿಕೊಳ್ಳುವ ಹೊಣೆಯೂ ಅವನ ಪಾಲಿಗೆ ಬಂದಿತು. ‘ಪ್ಯಾಸೇಜರ್’ ಎಂಬುದು ‘ಪ್ಯಾಸೆಂಜರ್’ ಆದಂತೆ ಇಲ್ಲಿಯೂ ನಡುವೆ ಒಂದು ಅನುನಾಸಿಕ ಸೇರಿಕೊಂಡಿತು. ಕಾಲಕ್ರಮದಲ್ಲಿ ಸುಂಕ ಮರೆಯಾಯಿತು, ಕಸ ಉಳಿಯಿತು. ಸತ್ತ ಪ್ರಾಣಿಗಳನ್ನು ತಿಂದು ಬದುಕುವ ರಣಹದ್ದಿಗೂ ಅದೇ ಹೆಸರಾಯಿತು. ಅಧಿಕಾರಿಯ ಪದವಿಯೊಂದು ಹದ್ದಿನವರೆಗೆ ಇಳಿದು ಬಂದ ಬಗೆ ಇದು!

ಭಾರತದಲ್ಲಿ ಈ ಪದಕ್ಕೆ ಇನ್ನೂ ಕ್ರೂರವಾದ ಅರ್ಥವೊಂದಿದೆ. ‘ಮ್ಯಾನ್ಯುಯಲ್ ಸ್ಕ್ಯಾವೆಂಜರ್’ ಎಂದರೆ ಮಲವನ್ನು ಕೈಯಿಂದ ಎತ್ತಿ ಸಾಗಿಸುವಂತೆ ಮಾಡಲ್ಪಟ್ಟವರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಕರ್ನಾಟಕದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಸಂಸತ್ತು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಇದಕ್ಕಾಗಿ ಕಾನೂನು ಮಾಡಿತು. ಆ ಬಳಿಕವೂ ಮ್ಯಾನ್‌ಹೋಲಿಗೆ ಇಳಿದು ಪ್ರಾಣ ಕಳೆದುಕೊಂಡವರುಂಟು. ಬೀದಿ ಗುಡಿಸುವ ತಾಯಿಯ ಮುಂದೆ ಈ ಪದವನ್ನು ಬರೆದರೆ ಅದು ಅವಮಾನವಷ್ಟೇ ಅಲ್ಲ, ಕಾನೂನು ನಿಷೇಧಿಸಿದ ಕೆಲಸವನ್ನು ಅವರ ಹೆಸರಿಗೆ ಕಟ್ಟಿದಂತಾಗುತ್ತದೆ.

‘ಡಸ್ಟ್‌ಮನ್’ ಎನ್ನಬಹುದೇ? ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಮನೆಗಳ ಒಲೆಯಿಂದ ಕಲ್ಲಿದ್ದಲಿನ ಬೂದಿಯನ್ನು ಒಯ್ಯುತ್ತಿದ್ದವನು ಡಸ್ಟ್‌ಮನ್. ಆ ಬೂದಿ ಇಟ್ಟಿಗೆ ತಯಾರಿಸಲು ಬಳಕೆಯಾಗುತ್ತಿತ್ತು. ಇಲ್ಲಿ ಆ ಬೂದಿಯೂ ಇಲ್ಲ, ತಾಯಿ ‘ಮ್ಯಾನ್’ ಕೂಡ ಅಲ್ಲ. ‘ಸ್ವೀಪರ್’ ಎಂಬುದು ಪೊರಕೆಯನ್ನು ಮಾತ್ರ ಕಾಣುತ್ತದೆ. ‘ಸ್ಯಾನಿಟರಿ ವರ್ಕರ್’ ಗೌರವದ ಮಾತೇ ಸರಿ. ಆದರೆ ಅದರಲ್ಲಿ ಊರಿನ ಸುಳಿವಿಲ್ಲ.

ಕನ್ನಡದ ಪದದ ಸತ್ವವಿರುವುದು ಆ ಊರಿನಲ್ಲಿಯೇ. ‘ಪುರ’ಕ್ಕೆ ಸಂಬಂಧಿಸಿದವನು ‘ಪೌರ’. ಪೌರತ್ವ, ಪೌರನೀತಿ ಎಂಬ ಮಾತುಗಳು ವಿದ್ಯಾರ್ಥಿಗಳಿಗೆ ಪರಿಚಿತವಾದುವೇ. ಹಿಂದೆ ಈ ಕೆಲಸದವರನ್ನು ಕರೆಯುತ್ತಿದ್ದ ‘ಜಾಡಮಾಲಿ’ ಎಂಬ ಹೆಸರು ಕೆಲಸಕ್ಕಿಂತ ಹೆಚ್ಚಾಗಿ ಹುಟ್ಟನ್ನು ಸೂಚಿಸುವಂತಾಗಿತ್ತು. ‘ಪೌರಕಾರ್ಮಿಕ’ ಎಂಬ ಹೆಸರಿನಲ್ಲಿ ಹುಟ್ಟಿನ ಮಾತಿಲ್ಲ. ಪೊರಕೆಯೂ ಇಲ್ಲ, ಕಸವೂ ಇಲ್ಲ. ಊರಿದೆ, ದುಡಿಮೆಯಿದೆ. ಹೆಸರು ಬದಲಾದ ಮಾತ್ರಕ್ಕೆ ಕೂಲಿ ಹೆಚ್ಚುವುದಿಲ್ಲ, ಕೈಗವಸು ದೊರೆಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಆದರೂ ಕೂಲಿಯನ್ನು ಕೇಳಲು ನಿಂತವರಿಗೆ ತಲೆಯೆತ್ತಿ ಹೇಳಿಕೊಳ್ಳಬಲ್ಲ ಹೆಸರೊಂದು ಬೇಕು.

ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳು ಈ ತೊಡಕನ್ನು ಸುಲಭವಾಗಿ ಬಿಡಿಸಿಕೊಂಡಿವೆ. ಅವು ‘ಪೌರಕಾರ್ಮಿಕ’ ಎಂಬುದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚು ಮಾಡುತ್ತವೆ. ‘ಜಂಗಲ್’, ‘ಲೂಟ್’ ಮೊದಲಾದ ಪದಗಳನ್ನು ಭಾರತದಿಂದ ಪಡೆದ ಭಾಷೆಗೆ ಇದು ಹೊಸತೇನೂ ಅಲ್ಲ. ಬಾಲಕಿಯೂ ಹಾಗೆಯೇ ಬರೆಯಬಹುದು. ಅರ್ಜಿಯ ಅಂಕಣ ಚಿಕ್ಕದು. ಅಕ್ಷರಗಳನ್ನು ತುಸು ಒತ್ತೊತ್ತಾಗಿ ಬರೆಯಬೇಕಾಗುತ್ತದೆ.