ಮನೆಯಲ್ಲೇ ಡಯಾಲಿಸಿಸ್: ಸೋಂಕು ತಡೆಯುವುದು ಹೇಗೆ?

ಡಯಾಲಿಸಿಸ್ ಎಂದೊಡನೆ ನಮಗೆ ಆಸ್ಪತ್ರೆಯ ದೊಡ್ಡ ಯಂತ್ರ ನೆನಪಾಗುತ್ತದೆ. ಆದರೆ ಕಿಡ್ನಿ ಕೆಲಸ ನಿಲ್ಲಿಸಿದವರು ಯಂತ್ರವಿಲ್ಲದೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ವಿಧಾನವೂ ಇದೆ. ಅದೇ ಪೆರಿಟೋನಿಯಲ್ ಡಯಾಲಿಸಿಸ್.

ಹೊಟ್ಟೆಯೊಳಗಿನ ಅಂಗಗಳನ್ನು ಆವರಿಸಿರುವ ತೆಳುವಾದ ಪೊರೆಯೇ ಪೆರಿಟೋನಿಯಮ್. ಹೊಟ್ಟೆಗೆ ಅಳವಡಿಸಿದ ಮೃದುವಾದ ಕೊಳವೆಯ ಮೂಲಕ ಸುಮಾರು 2 ಲೀಟರ್ ದ್ರಾವಣವನ್ನು ಒಳಗೆ ಬಿಡುತ್ತಾರೆ. ರಕ್ತದಲ್ಲಿರುವ ಯೂರಿಯಾದಂಥ ಕಲ್ಮಶಗಳು ವಿಸರಣೆಯಿಂದಲೂ, ಹೆಚ್ಚಿನ ನೀರು ಅಭಿಸರಣೆಯಿಂದಲೂ ಪೊರೆಯನ್ನು ದಾಟಿ ದ್ರಾವಣಕ್ಕೆ ಸೇರುತ್ತವೆ. ಕೆಲವು ಗಂಟೆಗಳ ನಂತರ ಅದನ್ನು ಹೊರಗೆ ಹರಿಸಿ ಹೊಸದನ್ನು ತುಂಬಬೇಕು. ದಿನಕ್ಕೆ ನಾಲ್ಕು ಬಾರಿ ಎಂದರೆ ತಿಂಗಳಿಗೆ 120 ಬಾರಿ ಕೊಳವೆಗೆ ಹೊಸ ಬ್ಯಾಗ್ ಜೋಡಿಸಬೇಕಾಗುತ್ತದೆ.

ಅಪಾಯವಿರುವುದು ಹೆಚ್ಚಾಗಿ ಈ ಜೋಡಣೆಯಲ್ಲೇ. ಆಹಾರದೊಂದಿಗೆ ಹೋಗುವ ಅನೇಕ ಬ್ಯಾಕ್ಟೀರಿಯಾಗಳನ್ನು ಜಠರದ ಆಮ್ಲ ಕೊಲ್ಲುತ್ತದೆ. ಇಲ್ಲಿ ಅಂಥ ಕಾವಲಿಲ್ಲ. ನಮ್ಮ ಚರ್ಮದ ಮೇಲೆ ಯಾವ ತೊಂದರೆಯನ್ನೂ ಕೊಡದೆ ಇರುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಕೊಳವೆಯ ತುದಿಗೆ ತಗುಲಿದರೆ ನೇರವಾಗಿ ಒಳಗೆ ಹೋಗುತ್ತದೆ. ಆಗ ಪೊರೆ ಉರಿಯೂತಗೊಳ್ಳುತ್ತದೆ. ಇದೇ ಪೆರಿಟೊನೈಟಿಸ್.

1970ರ ದಶಕದಲ್ಲಿ ಈ ಚಿಕಿತ್ಸೆ ಆರಂಭವಾದಾಗ ದ್ರಾವಣ ಗಾಜಿನ ಬಾಟಲಿಗಳಲ್ಲಿ ಬರುತ್ತಿತ್ತು, ಸೋಂಕು ಪದೇ ಪದೇ ಆಗುತ್ತಿತ್ತು. 1978ರಲ್ಲಿ ಟೊರಾಂಟೊದ ವೈದ್ಯ ಓರಿಯೋಪೊಲಸ್ ಪ್ಲಾಸ್ಟಿಕ್ ಬ್ಯಾಗ್ ಬಳಕೆಗೆ ತಂದರು. ಕಳಚಿ ಜೋಡಿಸುವುದು ಕಡಿಮೆಯಾಯಿತು, ಸೋಂಕೂ ಇಳಿಯಿತು.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು:

1. ಬ್ಯಾಗ್ ಬದಲಿಸುವಾಗ ಬಾಗಿಲು, ಕಿಟಕಿ ಮುಚ್ಚಿ; ಫ್ಯಾನ್ ಆರಿಸಿ. ಗಾಳಿಯೊಂದಿಗೆ ಧೂಳೂ ಹಾರುತ್ತದೆ. ಸಾಕುಪ್ರಾಣಿಗಳು ಕೋಣೆಯಲ್ಲಿರಬಾರದು.
2. ರೋಗಿಯೂ ಜೊತೆಗಿರುವವರೂ ಮಾಸ್ಕ್ ಧರಿಸಬೇಕು.
3. ಉಂಗುರ, ಬಳೆ, ಗಡಿಯಾರ ತೆಗೆದು ಸೋಪಿನಿಂದ ಕೈ ತೊಳೆದು, ಶುಭ್ರ ಬಟ್ಟೆಯಿಂದ ಪೂರ್ತಿ ಒರೆಸಿಕೊಳ್ಳಬೇಕು. ಒದ್ದೆ ಕೈಯಿಂದ ಸೂಕ್ಷ್ಮಜೀವಿಗಳು ಬೇಗ ಅಂಟುತ್ತವೆ.
4. ಬ್ಯಾಗ್ ಸೋರುತ್ತಿದೆಯೇ, ಅವಧಿ ಮೀರಿದೆಯೇ ನೋಡಿ. ಕೊಳವೆಯ ತೆರೆದ ತುದಿಯನ್ನು ಮುಟ್ಟಲೇಬಾರದು. ಅಕಸ್ಮಾತ್ ಮುಟ್ಟಿದರೆ ಕ್ಲಾಂಪ್ ಹಾಕಿ, ದ್ರಾವಣ ಒಳಗೆ ಬಿಡದೆ ಆಸ್ಪತ್ರೆಗೆ ಫೋನ್ ಮಾಡಬೇಕು.
5. ಕೊಳವೆ ಹೊರಬರುವ ಜಾಗವನ್ನು ವೈದ್ಯರು ಹೇಳಿದಂತೆ ಶುಚಿಗೊಳಿಸಬೇಕು. ಕೆರೆ, ಹೊಳೆಗಳಲ್ಲಿ ಸ್ನಾನ ಬೇಡ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಸೋಂಕು ತಗುಲಬಹುದು. ಹೊರಬಂದ ದ್ರಾವಣ ತಿಳಿಯಾಗಿರಬೇಕು. ಬ್ಯಾಗಿನ ಹಿಂದೆ ಅಕ್ಷರವಿರುವ ಕಾಗದ ಹಿಡಿದು ನೋಡಿ. ಅಕ್ಷರ ಮಸುಕಾಗಿ ಕಂಡರೆ, ಹೊಟ್ಟೆನೋವು ಅಥವಾ ಜ್ವರ ಬಂದರೆ ನಾಳೆಗೆಂದು ಕಾಯದೆ ಆ ಬ್ಯಾಗ್ ಸಮೇತ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಪೊರೆಯೇ ಹಾಳಾಗಿ ಈ ಚಿಕಿತ್ಸೆ ಕೈತಪ್ಪಬಹುದು, ಜೀವಕ್ಕೂ ಅಪಾಯವಾಗಬಹುದು.

ನಮ್ಮ ಅಜ್ಜನೋ ನೆರೆಮನೆಯವರೋ ಈ ಚಿಕಿತ್ಸೆಯಲ್ಲಿದ್ದರೆ ನಾವು ಡಾಕ್ಟರಾಗಬೇಕಿಲ್ಲ. ಆ ಅರ್ಧ ಗಂಟೆ ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ, ಕಣ್ಣು ಮಂಜಾದವರ ಪರವಾಗಿ ಬ್ಯಾಗ್ ತಿಳಿಯಾಗಿದೆಯೇ ಎಂದು ನೋಡಿದರೆ ಅದೂ ದೊಡ್ಡ ಸೇವೆಯೇ.